ಕನ್ನಡ ಸಿನಿಮಾ ಅಂದ್ರ ಸಾಕೇನು? ಕೂಸಿನ ವಯಸ್ಸು ಕೇಳೋರು ಯಾರು?



ಈ ಸಲದ ಜಗಳ ಮುಂಬೈ ಜೊತೆಗಲ್ಲ, ಬೆಂಗಳೂರಿನ ಜೊತೆಗೂ ಅಲ್ಲ. ನಮ್ಮವರ ಜೊತೆಗೇ ಅದ.

ನಾಲ್ಕು ವರ್ಷದ ಕೂಸಿನ ಕೈಯಾಗ ಮೊಬೈಲ್ ಕೊಟ್ಟು ಕೆಜಿಎಫ್ ಹಚ್ಚೋದು. ಅದು ತೊದಲು ನಾಲಿಗೆಯಿಂದ ಡೈಲಾಗ್ ಹೊಡೆದಾಗ ವಿಡಿಯೋ ಮಾಡೋದು. "ನೋಡ್ರಿ, ಮಹಾರಾಷ್ಟ್ರದಾಗ ಹುಟ್ಟಿದ್ರೂ ಎಂಥಾ ಕನ್ನಡ!" ಅಂತ ಸ್ಟೇಟಸ್ ಇಡೋದು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ನಮ್ಮ ಹುಡುಗರಲ್ಲಿ ಇದೊಂದು ಚಟ ಆಗಿಬಿಟ್ಟದ. ಯಾರಾದರೂ "ಇಷ್ಟು ಸಣ್ಣ ಕೂಸಿಗೆ ಇದ್ಯಾಕೋ ತಮ್ಮಾ" ಅಂದರೆ ಉತ್ತರ ತಯಾರಿರುತ್ತದೆ: "ಕನ್ನಡ ಸಿನಿಮಾ ಅಲ್ಲೇನ್ರಿ? ಹಿಂದಿ ನೋಡೋದಕ್ಕಿಂತ ಛಲೋ ಅಲ್ಲೇನು?"

ಛಲೋ ಅಲ್ಲ. ಕನ್ನಡ ಅನ್ನೋದು ಭಾಷೆಯ ಹೆಸರು. ಅದು ವಯಸ್ಸಿನ ಸರ್ಟಿಫಿಕೇಟ್ ಅಲ್ಲ.

"ಸೆನ್ಸಾರ್ ಆಗಿ ಬಂದದಲ್ಲ, ಮತ್ತೇನು?" ಅನ್ನೋರು ಕಾಯ್ದೆ ಸ್ವಲ್ಪ ತಿಳಿದುಕೊಳ್ಳಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಮೊದಲು ಇದ್ದದ್ದು ಎರಡೇ ಗುರುತು. ಎಲ್ಲರಿಗೂ ಯು, ದೊಡ್ಡವರಿಗೆ ಮಾತ್ರ ಎ. 1983ರಲ್ಲಿ ಯುಎ ಬಂತು, ಅಂದರೆ 12 ವರ್ಷದೊಳಗಿನ ಮಕ್ಕಳಿಗೆ ತೋರಿಸುವ ಮೊದಲು ಪಾಲಕರು ವಿಚಾರ ಮಾಡಬೇಕು. 2023ರ ತಿದ್ದುಪಡಿ ಆ ಯುಎಯನ್ನು ಮೂರು ಪಾಲು ಮಾಡಿತು: 7+, 13+, 16+. ಕೆಜಿಎಫ್‌ನ ಎರಡೂ ಭಾಗಕ್ಕೆ (2018, 2022) ಸಿಕ್ಕಿದ್ದು ಯುಎ. 2022ರ ಕಾಂತಾರಕ್ಕೂ ಯುಎ. 2025ರ ಕಾಂತಾರ ಅಧ್ಯಾಯ 1ಕ್ಕೆ ಯುಎ 16+.

ಈಗ ಮುಖ್ಯ ಮಾತು ಕೇಳ್ರಿ. ಎ ಸರ್ಟಿಫಿಕೇಟ್ ಇದ್ದರೆ 18ರೊಳಗಿನವರನ್ನು ಥಿಯೇಟರಿನವರು ಒಳಗೆ ಬಿಡುವಂತಿಲ್ಲ. ಆದರೆ ಯುಎ 16+ ಇದ್ದರೂ ನೀವು ಎರಡು ವರ್ಷದ ಕೂಸನ್ನು ಬಗಲಾಗ ಇಟ್ಟುಕೊಂಡು ಹೋದರೆ ಯಾರೂ ತಡೆಯೋದಿಲ್ಲ. ಯಾಕೆಂದರೆ ಆ ಗುರುತನ್ನು ಜಾರಿ ಮಾಡೋ ಅಧಿಕಾರ ಪಾಲಕರನ್ನು ಬಿಟ್ಟು ಬೇರೆ ಯಾರಿಗೂ ಇಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಟಿಕೆಟ್ ಹರಿಯೋನಿಗಿಲ್ಲ, ಪೊಲೀಸರಿಗಿಲ್ಲ. ಒಟಿಟಿಯಲ್ಲಿ 13+ ಮತ್ತು ಅದರ ಮೇಲಿನದಕ್ಕೆ ಲಾಕ್ ಸೌಲಭ್ಯ ಕೊಡಬೇಕು ಅಂತ 2021ರ ನಿಯಮ ಇದೆ. ಆ ಲಾಕ್ ಹಾಕೋರೂ ಪಾಲಕರೇ. ಇನ್ನು ಯಾರೋ ಕಳಿಸಿದ ಕಳ್ಳ ಪ್ರತಿ, ಬರೀ ಹೊಡೆದಾಟ ಕತ್ತರಿಸಿ ಜೋಡಿಸಿದ ರೀಲ್ಸ್, ಇವಕ್ಕಂತೂ ಯಾವ ಗುರುತೂ ಇಲ್ಲ.

ಹಂಗಾದರೆ ಪಾಲಕರು ಅಂದರೆ ಯಾರು?

ಸೊಲ್ಲಾಪುರ–ಪುಣೆ ಹೆದ್ದಾರಿ ಮೇಲಿನ ಚಿಂಚೋಳಿ ಎಂಐಡಿಸಿಯನ್ನೇ ತಗೊಳ್ರಿ. ಕಲಬುರಗಿ ಕಡೆಯ ಚಿಂಚೋಳಿ ಅಲ್ಲ, ನಮ್ಮ ಮಂದಿ ಕೆಲಸಕ್ಕೆ ಹೋಗೋ ಚಿಂಚೋಳಿ. ಅಪ್ಪ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುತ್ತಾನೆ. ಒಂದೇ ಖೋಲಿ. ಕೂಸು ಗದ್ದಲ ಮಾಡಬಾರದು. ಅವ್ವ ಕೆಲಸಕ್ಕೆ ಹೋಗಿರುತ್ತಾಳೆ, ಇಲ್ಲಾ ಒಲೆ ಮುಂದೆ ಇರುತ್ತಾಳೆ. ಆಗ ಕೂಸಿನ ಕೈಗೆ ಮೊಬೈಲ್ ಬರುತ್ತದೆ. ಅದರಲ್ಲಿ ಡೇಟಾ ಹಾಕಿಸಿದವರು ಯಾರು? ಸಿನಿಮಾ ಡೌನ್‌ಲೋಡ್ ಮಾಡಿಟ್ಟವರು ಯಾರು? ಅಣ್ಣ, ಕಾಕಾ, ಮಾಮಾ. ಅಂದರೆ ಈ ಬರಹ ಓದುತ್ತಿರುವ ನೀವು. ಹನ್ನೆರಡು ತಾಸು ದುಡಿದು ಬಂದ ಅಪ್ಪನನ್ನು ನಾವು ಬೈಯೋದಿಲ್ಲ. ಕಾಯ್ದೆ ಪಾಲಕರಿಗೆ ಬಿಟ್ಟದ್ದನ್ನು ಮನೆಯಲ್ಲಿ ನಿಜವಾಗಿ ಮಾಡುತ್ತಿರುವವರು ಇಪ್ಪತ್ತು–ಇಪ್ಪತ್ತೈದರ ಹುಡುಗ–ಹುಡುಗಿಯರು. ಆದ್ದರಿಂದ ಪ್ರಶ್ನೆಯೂ ಅವರಿಗೇ.

ನಾವು ಬ್ಯಾಂಕಿನ ಕೌಂಟರಿನಲ್ಲಿ ಕೂತು ದುಡಿಯೋ ಮಂದಿ. ಹತ್ತು ತುಂಬದ ಮಗುವಿನ ಹೆಸರಲ್ಲಿ ಖಾತೆ ತೆರೆಯಬೇಕಾದರೆ ಜನ್ಮ ದಾಖಲೆ ಕೇಳುತ್ತೇವೆ, ಪಾಲಕರ ಸಹಿ ಕೇಳುತ್ತೇವೆ. ಆ ಖಾತೆಯಿಂದ ಐನೂರು ರೂಪಾಯಿ ತೆಗೆಯಲಿಕ್ಕೂ ಪಾಲಕರೇ ಬರಬೇಕು. ಅದಕ್ಕೆ ಯಾರೂ ತಕರಾರು ಮಾಡೋದಿಲ್ಲ. ಐನೂರು ರೂಪಾಯಿಗೆ ಇಷ್ಟು ಕಾವಲು, ಅದೇ ಮಗುವಿನ ತಲೆಯೊಳಗೆ ಎರಡೂವರೆ ತಾಸು ಏನು ಜಮಾ ಆಗ್ತದ ಅನ್ನೋದಕ್ಕೆ ಕಾವಲೇ ಬೇಡವೇನು?

ಏನು ಜಮಾ ಆಗ್ತದ ನೋಡೋಣ. ನಮ್ಮ ಗಡಿಯ ಮಗುವಿಗೆ ಕಾರ್ಟೂನ್ ಸಿಗೋದು ಹಿಂದಿಯಲ್ಲಿ. ಆಟ, ಗೆಳೆಯರು, ಪಕ್ಕದ ಮನೆ ಮರಾಠಿಯಲ್ಲಿ. ಕನ್ನಡ ಸಿಗೋದು ಮನೆಯಲ್ಲಿ, ಕನ್ನಡ ಶಾಲೆಗೆ ಹೋದರೆ ಅಲ್ಲಿ, ಆಮೇಲೆ ಪರದೆಯ ಮೇಲೆ. ಆ ಪರದೆಯ ಕನ್ನಡ ಅಂದರೆ ಕತ್ತಿ, ರಕ್ತ, ಸಿಗರೇಟು, ಕಿರುಚಾಟ ಅಷ್ಟೇ ಆದರೆ? ನಗಲಿಕ್ಕೆ ಹಿಂದಿ, ಕಥೆಗೆ ಮರಾಠಿ, ಬಡಿದಾಟಕ್ಕೆ ಕನ್ನಡ. ಇದೇನಾ ನಾವು ಉಳಿಸಬೇಕಾದ ಕನ್ನಡ? ಕೆಜಿಎಫ್ ಮೊದಲ ಭಾಗದಲ್ಲಿ ಸಣ್ಣ ಹುಡುಗ ಪೊಲೀಸಿನವನ ತಲೆಗೆ ಬಾಟಲಿ ಒಡೆಯುತ್ತಾನೆ. ನಿಮಗೆ ಅದು ನಾಯಕನ ಎಂಟ್ರಿ. ಐದು ವರ್ಷದ ಮಗುವಿಗೆ ಅದು ತನ್ನಂಥಾ ಒಬ್ಬ ಹುಡುಗ ಮಾಡಿದ ಕೆಲಸ, ಅದಕ್ಕೆ ಎಲ್ಲರೂ ಸೀಟಿ ಹೊಡೆದರು ಅನ್ನೋ ಪಾಠ. ಸಿನಿಮಾ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ದೊಡ್ಡವರು ನೋಡ್ರಿ, ಹತ್ತು ಸಲ ನೋಡ್ರಿ. ಕೂಸಿನ ತಾಟಿಗೆ ಅದನ್ನು ಬಡಿಸಬ್ಯಾಡ್ರಿ.

ಇಲ್ಲಿ ಒಂದು ವಾದ ಬರುತ್ತದೆ, ಅದರಲ್ಲಿ ಸ್ವಲ್ಪ ದಮ್ಮೂ ಅದ. "ನಾವು ಸಣ್ಣವರಿದ್ದಾಗ ಭಕ್ತ ಪ್ರಹ್ಲಾದ ನೋಡಿಲ್ಲೇನು? ನರಸಿಂಹ ಹೊಟ್ಟೆ ಬಗೆಯೋದು ನೋಡಿಲ್ಲೇನು? ಜಾತ್ರೆಯ ಬಯಲಾಟದಾಗ ರಾಕ್ಷಸ ಗರ್ಜಿಸಿದ್ದು ಕೇಳಿಲ್ಲೇನು? ನಮಗೇನಾಯ್ತು?"

ವ್ಯತ್ಯಾಸ ನೋಡ್ರಿ. ಪ್ರಹ್ಲಾದನ ಕಥೆಯನ್ನು ಆಯಿ ಮೊದಲೇ ಹತ್ತು ಸಲ ಹೇಳಿರುತ್ತಿದ್ದಳು. ಕೊನೆಗೆ ಹುಡುಗ ಬದುಕುತ್ತಾನೆ ಅಂತ ಗೊತ್ತಿತ್ತು. ಹೆದರಿಕೆ ಬಂದರೆ ಸೆರಗು ಪಕ್ಕದಲ್ಲೇ ಇತ್ತು. ಆ ಕಥೆಯಲ್ಲಿ ಬಲ ಇರೋದು ಹುಡುಗನ ಹಟದಲ್ಲಿ, ಅವನ ಕೈಯಲ್ಲಿ ಆಯುಧ ಇಲ್ಲ. ಬಯಲಾಟದ ರಾಕ್ಷಸ ಬೆಳಿಗ್ಗೆ ಬಣ್ಣ ತೊಳೆದು ಕಟ್ಟೆ ಮೇಲೆ ಚಾ ಕುಡಿಯೋದನ್ನು ಮಕ್ಕಳೇ ನೋಡುತ್ತಿದ್ದರು. ಮೊಬೈಲಿನ ರಾಕ್ಷಸ ಬಣ್ಣ ತೊಳೆಯೋದಿಲ್ಲ. ಮೂಲೆಯಲ್ಲಿ ಒಬ್ಬನೇ ಕೂತ ಮಗುವಿಗೆ ಅದು ಆಟ ಅಂತ ಹೇಳೋರೂ ಇಲ್ಲ. ಸಣ್ಣ ಮಕ್ಕಳಿಗೆ ನಟನೆ ಯಾವುದು, ನಿಜ ಯಾವುದು ಅಂತ ಬೇರೆ ಮಾಡಿ ನೋಡೋ ಶಕ್ತಿ ನಿಧಾನಕ್ಕೆ ಬರುತ್ತದೆ.

ಹಂಗಂತ ಮಕ್ಕಳನ್ನು ಹತ್ತಿಯಲ್ಲಿ ಸುತ್ತಿಡ್ರಿ ಅಂತಲೂ ನಾವು ಹೇಳೋದಿಲ್ಲ. ಅಳಿಸೋ ಸಿನಿಮಾ ಎಲ್ಲ ಕೆಟ್ಟದ್ದಲ್ಲ. 777 ಚಾರ್ಲಿಯಲ್ಲಿ ನಾಯಿ ಸಾಯುತ್ತದೆ. ಎಂಟು–ಒಂಬತ್ತು ವರ್ಷದ ಮಗು ಪಕ್ಕದಲ್ಲಿ ದೊಡ್ಡವರಿದ್ದಾಗ ಅದನ್ನು ನೋಡಿ ಅತ್ತರೆ ಅದರ ಮನಸ್ಸು ದೊಡ್ಡದಾಗುತ್ತದೆ. ಅದೇ ನಮ್ಮ ಸೊಲ್ಲಾಪುರ ಜಿಲ್ಲೆಯವರೇ ಆದ ನಾಗರಾಜ ಮಂಜುಳೆ ಅವರ ಸೈರಾಟ್ (2016) ತಗೊಳ್ರಿ. ಜಾತಿಯ ಕ್ರೌರ್ಯದ ಬಗ್ಗೆ ಬಂದ ದೊಡ್ಡ ಸಿನಿಮಾ. ಕೊನೆಗೆ ರಕ್ತದ ಹೆಜ್ಜೆ ಇಡುತ್ತಾ ಅಳೋ ಕೂಸಿನ ದೃಶ್ಯ ನಮ್ಮನ್ನೇ ವಾರಗಟ್ಟಲೆ ಬಿಡಲಿಲ್ಲ. ಅದನ್ನು ಹಾಡಿಗೋಸ್ಕರ ಅದೇ ವಯಸ್ಸಿನ ಕೂಸಿಗೆ ತೋರಿಸಿದವರು ಎಷ್ಟು ಮಂದಿ! ಸಿನಿಮಾ ದೊಡ್ಡದು ಅನ್ನೋದು ಬೇರೆ, ಈ ವಯಸ್ಸಿಗೆ ಅನ್ನೋದು ಬೇರೆ.

ಹಾಗಾದರೆ ಹೆಂಗ ಆರಿಸೋದು? ಮೂರು ವರ್ಷದೊಳಗಿನ ಕೂಸಿಗೆ ಸಿನಿಮಾದ ಮಾತೇ ಬ್ಯಾಡ. ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ತೋರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳ್ಕೋರಿ.

1. ಈ ಸಿನಿಮಾ ನೀವು ಪೂರಾ ನೋಡೀರೇನು? ಟ್ರೇಲರ್, ಹಾಡು ನೋಡಿ ತೀರ್ಮಾನ ಮಾಡಬ್ಯಾಡ್ರಿ.

2. ಇದರಲ್ಲಿ ಹೊಡೆತ ತಿಂದವನಿಗೆ ನೋವಾಗ್ತದೇನು, ಇಲ್ಲಾ ಹೊಡೆದವನಿಗೆ ಬರೀ ಸಂಗೀತ ಬಾರಿಸ್ತಾರೇನು?

3. ಇದು ಯಾರನ್ನು ನೋಡಿ ನಗಸ್ತದ? ಕಪ್ಪು ಬಣ್ಣದವರು, ದಪ್ಪ ಇರೋರು, ಹೆಂಗಸರು. ಜೊತೆಗೆ ನಮ್ಮ ಮಾತು. "ಹೌದ್ರಿ, ಬರ್ರಿ" ಅನ್ನೋ ಉತ್ತರ ಕರ್ನಾಟಕದ ಮಾತನ್ನು ಪೆದ್ದನ ಬಾಯಲ್ಲಿ ಇಟ್ಟು ನಗೋ ಸಿನಿಮಾ ನಮ್ಮಲ್ಲಿ ಕಡಿಮೆ ಇಲ್ಲ. ಅಕ್ಕಲಕೋಟದ ಮಗು ಅದನ್ನು ನೋಡಿ ತನ್ನ ಅವ್ವನ ಮಾತಿಗೇ ನಾಚಿಕೊಳ್ಳೋದು ಬೇಕೇನು?

4. ಮರುದಿನ ಮಗು ಕಥೆಯನ್ನು ತನ್ನ ಸ್ವಂತ ಮಾತಿನಲ್ಲಿ ಹೇಳ್ತದೇನು? ಬರೀ ಡೈಲಾಗ್ ಮತ್ತು ಹೊಡೆತ ನೆನಪಿದ್ದರೆ ಅದು ಗಿಳಿಪಾಠ. ಕಥೆ ಹೇಳಿದರೆ ಕನ್ನಡ ಬೆಳೀತು ಅಂತ ತಿಳೀರಿ.

"ತೋರಿಸಲಿಕ್ಕೆ ಏನದ ಕನ್ನಡದಾಗ?" ಅಂತ ಕೇಳಬ್ಯಾಡ್ರಿ. ನಾಗಾಭರಣರ ಚಿನ್ನಾರಿ ಮುತ್ತ (1993) ಅದ, ಹಳ್ಳಿ ಹುಡುಗ ಓಟಗಾರ ಆಗೋ ಕಥೆ. ಕುಂ. ವೀರಭದ್ರಪ್ಪ ಅವರ ಕಥೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ಕೊಟ್ರೇಶಿ ಕನಸು (1994) ಅದ, ದಲಿತ ಹುಡುಗನೊಬ್ಬನ ಓದಿನ ಆಸೆ ಅದರಲ್ಲಿದೆ. ಮಕ್ಕಳ ಪಂಚಾಯಿತಿಯ ಪುಟಾಣಿ ಪಾರ್ಟಿ ಅದ. ಗುಬ್ಬಿ ಹುಡುಕಿಕೊಂಡು ಹೊರಡೋ ಮಕ್ಕಳ ಗುಬ್ಬಚ್ಚಿಗಳು ಅದ. ಸ್ವಲ್ಪ ದೊಡ್ಡವರಿಗೆ 2018ರ ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು. ಗಡಿಯ ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ತರರು ಬರೋ ಕಥೆ, ರಾಷ್ಟ್ರಪ್ರಶಸ್ತಿ ಪಡೆದ ಮಕ್ಕಳ ಚಿತ್ರ. ಅದರಲ್ಲೂ ಹರೆಯದ ಪ್ರೀತಿಯ ತಮಾಷೆ ಅದ, ಹಾಗಾಗಿ ಹತ್ತು ದಾಟಿದವರ ಜೊತೆ ಕೂತು ನೋಡ್ರಿ. ಕೊಟ್ರೇಶಿ ಕನಸಿಗೂ ಜೊತೆಗೆ ಕೂತು ಜಾತಿಯ ಮಾತು ಬಿಡಿಸಿ ಹೇಳಬೇಕಾಗ್ತದ.

ಪಟ್ಟಿ ಸಣ್ಣದು, ಒಪ್ಪುತ್ತೇವೆ. ಅದಕ್ಕೂ ನಮ್ಮವರೇ ಕಾರಣ. ಡಬ್ಬಿಂಗ್ ಬಂದರೆ ಕನ್ನಡ ಹಾಳಾಗ್ತದ ಅಂತ ಚಿತ್ರರಂಗ ದಶಕಗಳ ಕಾಲ ಬಾಗಿಲು ಹಾಕಿತ್ತು. ಆ ತಡೆ ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟರೊಳಗೆ ಗಡಿಯ ಒಂದು ತಲೆಮಾರು ಹಿಂದಿಯಲ್ಲೇ ಕಾರ್ಟೂನ್ ನೋಡಿ ಬೆಳೆದಾಗಿತ್ತು. ಒಂದೇ ಜೋಡಿ ಬೂಟನ್ನು ಅಣ್ಣ–ತಂಗಿ ಹಂಚಿಕೊಳ್ಳೋ ಇರಾನಿನ ಮಜೀದ್ ಮಜೀದಿ ಚಿತ್ರದಂಥವು ಕನ್ನಡದ ದನಿಯಲ್ಲಿ ನಮ್ಮ ಮಕ್ಕಳಿಗೆ ಸಿಕ್ಕಿದ್ದರೆ ಕನ್ನಡ ಹಾಳಾಗುತ್ತಿತ್ತೇನು? ಒಳ್ಳೆಯ ಮಕ್ಕಳ ಸಿನಿಮಾ ಯಾವ ನಾಡಿನದಾದರೂ ಕನ್ನಡಕ್ಕೆ ಬರಲಿ ಅಂತ ಕೇಳೋದೂ ಕನ್ನಡದ ಕೆಲಸವೇ.

ಈಗ ನಾವು ಮಾಡಬಹುದಾದ್ದು ಒಂದು ಅದ. ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಮಾಸ್ತರರು, ಅಕ್ಕೋರನ್ನು ಕೇಳಿ ತಿಂಗಳಿಗೆ ಒಂದು ಶನಿವಾರ ಒಂದು ಮಕ್ಕಳ ಸಿನಿಮಾ ಇಡ್ರಿ. ಶಾಲೆಯ ಚಟುವಟಿಕೆಯಾಗಿ ಬರೀ ಮಕ್ಕಳು, ಶಿಕ್ಷಕರು, ಪಾಲಕರಿಗೆ ಸಿನಿಮಾ ತೋರಿಸಲಿಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಟ್ಟಿದೆ. ಕಳ್ಳ ಪ್ರತಿ ಮಾತ್ರ ಬ್ಯಾಡ. ನಡುವೆ ನಿಲ್ಲಿಸಿ ಮಕ್ಕಳನ್ನು ಮಾತಾಡಿಸ್ರಿ. ಮುಗಿದ ಮೇಲೆ ಕಥೆ ಹೇಳಿಸ್ರಿ. ಪಾಳಿ ಇಲ್ಲದ ಅಪ್ಪ–ಅವ್ವನನ್ನೂ ಕರೀರಿ.

ನವೆಂಬರ್ 1ಕ್ಕೆ ಬಾವುಟ ಕಟ್ಟಲಿಕ್ಕೆ, ಡಿಜೆ ತರಲಿಕ್ಕೆ ಪಟ್ಟಿ ಹಾಕ್ತೀರಿ. ಅದರಾಗ ಒಂದು ಪ್ರೊಜೆಕ್ಟರ್ ಬಾಡಿಗೆ ಹೊಂದುತ್ತದೆ. ಅದಕ್ಕಿಂತ ಮೊದಲು ಇವತ್ತು ರಾತ್ರಿ ಮನೆಯ ಮೊಬೈಲ್ ತೆಗೆದು ನೋಡ್ರಿ, ಕೂಸಿನ ಕೈಗೆ ಹೋಗೋ ಫೋನಿನಾಗ ಏನೇನು ಇಟ್ಟೀರಿ ಅಂತ. ಅಳಿಸಬೇಕಾದ್ದು ಅಳಿಸ್ರಿ. ನಿಮ್ಮ ಊರಿನ ಕನ್ನಡ ಶಾಲೆಯ ಹೆಸರು, ಯಾವ ಶನಿವಾರ ಆಗ್ತದ ಅನ್ನೋದನ್ನು ಬರೆದು ತಿಳಿಸ್ರಿ. ಮೊದಲ ಸಿನಿಮಾ ಯಾವುದು ಅಂತ ಕೂಡಿ ಆರಿಸೋಣ.