ಚಿತ್ರನಗರಿ ಸರಿ, ಬರೆಯುವವರು ಎಲ್ಲಿ?

ಮೈಸೂರಿಗೆ ಚಿತ್ರನಗರಿ ಬರುತ್ತದೆ ಎಂಬ ಮಾತು ಹಳೆಯದು. 2025–26ರ ರಾಜ್ಯ ಬಜೆಟ್ ಆ ಮಾತಿಗೆ ಲೆಕ್ಕ ಜೋಡಿಸಿತು: 150 ಎಕರೆ ಜಮೀನು, ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ₹500 ಕೋಟಿ ವೆಚ್ಚ. ಜಾಗ ನಂಜನಗೂಡು ತಾಲ್ಲೂಕಿನ ಹಿಮ್ಮಾವು. ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ, ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒಟಿಟಿ ವೇದಿಕೆ ಎಂಬ ಘೋಷಣೆಗಳೂ ಅದರ ಜೊತೆಗೇ ಬಂದವು. ಅಂದಿನಿಂದ ಚರ್ಚೆಯೆಲ್ಲ ಜಮೀನು, ಸ್ಟುಡಿಯೊ, ಪ್ರವಾಸೋದ್ಯಮದ ಸುತ್ತಲೇ ನಡೆದಿದೆ. ಆ ಸ್ಟುಡಿಯೊಗಳಲ್ಲಿ ಚಿತ್ರೀಕರಿಸಬೇಕಾದ ಕಥೆಗಳನ್ನು ಬರೆಯುವವರು ಯಾರು, ಅವರು ಆ ಕೆಲಸ ಕಲಿಯುವುದು ಎಲ್ಲಿ ಎಂಬ ಪ್ರಶ್ನೆ ಮಾತ್ರ ಬದಿಗೆ ಉಳಿದಿದೆ.

ಸಿನಿಮಾ ಕಲಿಸುವುದರಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಿಲ್ಲ. ಮೈಸೂರಿನ ಹುಡುಗ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ವಿದ್ಯೆ ಕಲಿತದ್ದು 1940ರ ದಶಕದಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೇ ಫೂಲ್’ ಚಿತ್ರಗಳಿಗೆ ಬೆಳಕು ಕೊಟ್ಟ ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಗೋವಿಂದ ನಿಹಲಾನಿ ಕಲಿತದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ. ಆ ಪರಂಪರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆಯಲ್ಲಿ ಮುಂದುವರಿದಿದೆ. ಅಲ್ಲಿ ಛಾಯಾಗ್ರಹಣಕ್ಕೆ ಡಿಪ್ಲೊಮಾ ಇದೆ, ಧ್ವನಿಗ್ರಹಣಕ್ಕೆ ಡಿಪ್ಲೊಮಾ ಇದೆ. ಬರವಣಿಗೆಯನ್ನು ಮಾತ್ರ ನಾವು ದೈವದತ್ತ ಎಂದು ಕೈಬಿಟ್ಟೆವು. ಪತ್ರಿಕೋದ್ಯಮದ ಪದವಿಗಳಲ್ಲಿ ಸ್ಕ್ರಿಪ್ಟ್ ಎಂಬುದು ಹೆಚ್ಚೆಂದರೆ ಒಂದು ಪಾಠ; ಅಂಕ ಬಂದರೆ ಅಲ್ಲಿಗೆ ಮುಗಿಯಿತು.

ಇಷ್ಟು ಕಾಲ ಈ ಕೊರತೆ ಕಣ್ಣಿಗೆ ಬೀಳದಿರಲು ಕಾರಣಗಳಿವೆ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ಗೆ ಬರೆದವರು ನಾಟಕಕಾರ ಬೆಳ್ಳಾವೆ ನರಹರಿಶಾಸ್ತ್ರಿ. ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್ ಮುಂತಾದವರು ಕಂಪನಿ ನಾಟಕಗಳಲ್ಲಿ ಪಳಗಿ ಬಂದವರು. ಯಾವ ಮಾತಿಗೆ ಸಭೆ ಎದ್ದು ಕೂರುತ್ತದೆ, ಯಾವ ದೃಶ್ಯಕ್ಕೆ ಆಕಳಿಸುತ್ತದೆ ಎಂಬುದನ್ನು ದಿನವೂ ಕಣ್ಣಾರೆ ಕಂಡವರಿಗೆ ಬೇರೆ ಶಾಲೆ ಬೇಕಿರಲಿಲ್ಲ. ಮುಂದಿನ ಎರಡು ದಶಕ ಕಾದಂಬರಿಗಳು ಕೈಹಿಡಿದವು. ಮೈಸೂರಿನ ತ್ರಿವೇಣಿಯವರಿಂದ ‘ಬೆಳ್ಳಿಮೋಡ’, ‘ಶರಪಂಜರ’ ಬಂದರೆ, ವಾಣಿಯವರಿಂದ ‘ಎರಡು ಕನಸು’, ‘ಶುಭಮಂಗಳ’ ಬಂದವು. ಈಗ ಚಿತ್ರನಗರಿ ಏಳಬೇಕಾದ ನಂಜನಗೂಡು ಸೀಮೆಯೇ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ ಕಥಾಭೂಮಿ; ಅದನ್ನು ತೆರೆಗೆ ತಂದವರು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು. ನಾಟಕ ಕಂಪನಿಗಳು ಮುಚ್ಚಿದವು, ಕಾದಂಬರಿಯ ಹರಿವು ತಗ್ಗಿತು. ಎರಡು ಒರತೆಗಳೂ ಬತ್ತಿದ ಮೇಲೆ ಉಳಿದದ್ದು ರೀಮೇಕ್ ಹಕ್ಕು, ಇಲ್ಲವೇ ಗಾಂಧಿನಗರದ ರೂಮಿನಲ್ಲಿ ತಿಂಗಳುಗಟ್ಟಲೆ ನಡೆಯುವ ‘ಡಿಸ್ಕಷನ್’.

ಬರೆಯುವುದನ್ನು ಕಲಿಸಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಪ್ರತಿಭೆಯನ್ನು ಕಲಿಸಲಾಗದು, ಕಸುಬನ್ನು ಖಂಡಿತ ಕಲಿಸಬಹುದು. ‘ಗುಲಾಬಿ ಟಾಕೀಸು’ ಇದಕ್ಕೆ ಒಳ್ಳೆಯ ಪಾಠ. ವೈದೇಹಿಯವರ ಕಥೆಯ ನಾಯಕಿ, ಸಣ್ಣ ಊರಿನ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುವವಳು. 2008ರ ಚಿತ್ರದಲ್ಲಿ ಗಿರೀಶ ಕಾಸರವಳ್ಳಿ ಕಾಲವನ್ನು ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದರು. ಚಿತ್ರದ ಗುಲಾಬಿ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಟಾಕೀಸಿನ ಬದಲು ಅವಳ ಮನೆಗೇ ಡಿಶ್ ಆಂಟೆನಾ ಸಮೇತ ಬಣ್ಣದ ಟಿ.ವಿ. ತಂದಿಟ್ಟರು. ಟಿ.ವಿ. ನೋಡಲು ಕೇರಿಯ ಹೆಂಗಸರು ಅವಳ ಮನೆ ಹೊಸ್ತಿಲು ದಾಟುತ್ತಾರೆ. ಊರು ಒಡೆದಾಗ ಅವಳು ಒಂಟಿಯಾಗುತ್ತಾಳೆ. ಕಥೆಯ ಘಟನೆಗಳು ಬದಲಾದವು. ಸಿನಿಮಾದ ಹುಚ್ಚು ಹೆಂಗಸರನ್ನು ಹೇಗೆ ಒಂದೆಡೆ ಸೇರಿಸುತ್ತದೆ ಎಂಬ ಅದರ ಜೀವ ಉಳಿಯಿತು. ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು ಎಂಬ ಈ ವಿವೇಕವನ್ನು ಕಥೆಯನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು, ತರಗತಿಯಲ್ಲಿ ಬಿಡಿಸಿ ತೋರಿಸಬಹುದು.

ಆದರೆ ಯಾವ ಪಠ್ಯ ಹಿಡಿದು ಕಲಿಸುತ್ತೇವೆ ಎಂಬುದು ಮುಖ್ಯ. ಸಿಡ್ ಫೀಲ್ಡ್ 1979ರಲ್ಲಿ ಹಾಲಿವುಡ್‌ಗಾಗಿ ವಿವರಿಸಿದ ಮೂರು ಅಂಕದ ಚೌಕಟ್ಟು ಇಂದು ವಾರಾಂತ್ಯದ ಕಾರ್ಯಾಗಾರಗಳವರೆಗೂ ಇಳಿದಿದೆ. ಚೌಕಟ್ಟು ತಿಳಿದಿರಲಿ, ತಪ್ಪೇನಿಲ್ಲ. ನಮ್ಮ ಚಿತ್ರಗಳು ಸೋಲುತ್ತಿರುವುದು ಬಹುಮಟ್ಟಿಗೆ ಚೌಕಟ್ಟಿನಿಂದಲ್ಲ, ಕಿವಿಯಿಂದ. ಮೈಸೂರಿನ ಮಂಡಿ ಮೊಹಲ್ಲಾವನ್ನೇ ನೋಡಿ. ದೇವರಾಜ ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ಈ ಕೇರಿಯಲ್ಲಿ ಅಂಗಡಿಯವರು ಗಿರಾಕಿಯ ಜೊತೆ ಅಚ್ಚ ಮೈಸೂರು ಕನ್ನಡ ಆಡುತ್ತಾರೆ. ಒಳಗಿನ ಹುಡುಗನನ್ನು ಕೂಗುವುದು ದಖನಿಯಲ್ಲಿ. ಯಾರೊಂದಿಗೆ ಯಾವ ನುಡಿ, ಯಾವ ಮಾತಿಗೆ ನುಡಿ ಬದಲಾಯಿತು ಎಂಬುದರಲ್ಲೇ ಸಲಿಗೆ, ಅಂತರ, ಮುನಿಸು ಎಲ್ಲವೂ ಇರುತ್ತವೆ. ನಮ್ಮ ಜನಪ್ರಿಯ ಸಿನಿಮಾ ಇಂಥವರ ಬಾಯಿಗೆ ಹಾಕಿದ್ದು ‘ನಮ್ದೂಕೆ ನಿಮ್ದೂಕೆ’ ಎಂಬ ನಗೆಪಾಟಲಿನ ಕನ್ನಡವನ್ನು. ಅದು ಯಾವ ಬೀದಿಯಲ್ಲೂ ಕೇಳಿ ಬರೆದದ್ದಲ್ಲ, ಹಿಂದಿನ ಸಿನಿಮಾ ನೋಡಿ ಬರೆದದ್ದು. ಬೊಳುವಾರು ಅವರ ಕಥೆ ಆಧರಿಸಿದ ‘ಮುನ್ನುಡಿ’, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಹುಟ್ಟಿದ ‘ಹಸೀನಾ’ ಬೇರೆ ದಾರಿ ತೋರಿಸಿದವು. ಅದೇ ಬಾನು ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು. ಆ ವರ್ಷದ ಮೈಸೂರು ದಸರಾ ಉದ್ಘಾಟಿಸಿದವರೂ ಅವರೇ. ಆ ದಾರಿಯಲ್ಲಿ ನಡೆದವರು ಮಾತ್ರ ವಿರಳ.

ಮೊದಲ ತಿಂಗಳ ಪಾಠ ಇಂಥ ಕೇರಿಯಲ್ಲೇ ನಡೆಯಲಿ. ಹೊಸಬರು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ವ್ಯಾಪಾರ ಕುಸಿದು ಮಾಲೀಕರು ಚಿಂತೆಯಲ್ಲಿದ್ದಾರೆ.’ ಚಿಂತೆಯನ್ನು ಕ್ಯಾಮೆರಾ ಹಿಡಿಯಲಾರದು. ಈಗ ದೃಶ್ಯ ಹೀಗಿರಲಿ: ಬಾಕಿ ಉಳಿಸಿಕೊಂಡ ಹಳೆಯ ಗಿರಾಕಿ ಅಂಗಡಿಗೆ ಬರುತ್ತಾನೆ. ಎಂದಿನಂತೆ ಎರಡು ಟೀ ತರಲು ಹುಡುಗ ಹೊರಡುತ್ತಾನೆ. ಮಾಲೀಕರು ದಖನಿಯಲ್ಲಿ ತಡೆದು, ಒಂದೇ ಸಾಕು ಎನ್ನುತ್ತಾರೆ. ಟೀ ಬಂದಾಗ ಅದನ್ನು ಗಿರಾಕಿಯ ಕಡೆ ಸರಿಸಿ, ‘ನಂದು ಆಗ್ಲೇ ಆಯ್ತು ಸಾರ್’ ಎಂದು ಕನ್ನಡದಲ್ಲಿ ಹೇಳುತ್ತಾರೆ. ಬಾಕಿಯ ಮಾತು ಎಲ್ಲೂ ಬರುವುದಿಲ್ಲ. ಮುಕ್ಕಾಲು ಪುಟ, ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ಕೈ ಬಿಗಿಯಾಗಿರುವುದು, ಮರ್ಯಾದೆ, ಕೇಳಲಾರದ ಸಂಕೋಚ ಎಲ್ಲವೂ ಅಷ್ಟರಲ್ಲೇ ಗೊತ್ತಾಗುತ್ತದೆ.

ಹೀಗೆ ಬರೆಯಲು ಕೇರಿಯವನೇ ಆಗಿರಬೇಕೆ? ಮೈಸೂರಿನ ನೆರೆಯ ಮಂಡ್ಯ ಜಿಲ್ಲೆಯ ‘ತಿಥಿ’ ಉತ್ತರ ಕೊಟ್ಟಿದೆ. ನಿರ್ದೇಶಕ ರಾಮ್ ರೆಡ್ಡಿ ಪ್ರಾಗ್‌ನಲ್ಲಿ ಸಿನಿಮಾ ಓದಿದವರು. ಅವರ ಜೊತೆ ಕುಳಿತು ಬರೆದ ಈರೇಗೌಡರು ನೊದೆಕೊಪ್ಪಲಿನವರು. ಅಲ್ಲಿನ ಮನುಷ್ಯರನ್ನು, ಅವರ ಬೈಗುಳವನ್ನು ಒಳಗಿನಿಂದ ಬಲ್ಲವರು. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಎರಡು ಪ್ರಶಸ್ತಿ ಬಂದದ್ದು ಈ ಜೋಡಿಯ ಫಲ. ಕಸುಬು ಬಲ್ಲವರನ್ನೂ ಕೇರಿ ಬಲ್ಲವರನ್ನೂ ಒಂದೇ ಮೇಜಿಗೆ ತರುವುದು ತರಬೇತಿಯ ಮೂಲಸೂತ್ರವಾಗಬೇಕು. ಪ್ರವೇಶಕ್ಕೆ ಪದವಿ, ಇಂಗ್ಲಿಷ್ ಕೇಳಿದರೆ ಎರಡನೆಯವರು ಬಾಗಿಲಲ್ಲೇ ಉಳಿಯುತ್ತಾರೆ.

ಟಿ.ವಿ.ಯ ಸ್ಥಿತಿ ಇನ್ನೂ ಸ್ಪಷ್ಟ. ರಂಗಭೂಮಿಯಿಂದ ಬಂದ ಟಿ.ಎನ್. ಸೀತಾರಾಂ 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಗೂಡಿ ‘ಮಾಯಾಮೃಗ’ ಮಾಡಿದಾಗ ಧಾರಾವಾಹಿಗೆ ಸಾಹಿತ್ಯದ ಗಾಂಭೀರ್ಯ ಬಂತು. ಇಂದು ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಗುರುವಾರದ ಟಿಆರ್‌ಪಿ ನೋಡಿ ಮುಂದಿನ ವಾರದ ಕಥೆ ತಿರುಗುತ್ತದೆ. ನಾಳೆಯ ಚಿತ್ರೀಕರಣಕ್ಕೆ ಇಂದು ರಾತ್ರಿ ಸಂಭಾಷಣೆ ಬರೆಯುವ ಹುಡುಗ ಹುಡುಗಿಯರು ವೇಗ ಕಲಿಯುತ್ತಾರೆ. ಬರೆದದ್ದನ್ನು ತಿದ್ದಿ ಮತ್ತೆ ಬರೆಸುವವರು ಅಲ್ಲಿರುವುದಿಲ್ಲ. ಚಿತ್ರಕಥೆ ಪಕ್ವವಾಗುವುದು ಮಾತ್ರ ನಾಲ್ಕನೆಯ, ಐದನೆಯ ಕರಡಿನಲ್ಲಿ.

ಕಲಿಸಲು ಬೇಕಾದ ಸಲಕರಣೆ ಮೈಸೂರಿನಲ್ಲಿ ಆಗಲೇ ಇದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದ ಊರಿದು. ಮಾತೊಂದರಲ್ಲೇ ದೃಶ್ಯ ಕಟ್ಟುವ ಬಾನುಲಿ ನಾಟಕ ಇಂದಿನ ಪಾಡ್‌ಕಾಸ್ಟ್‌ಗೂ ಬೇಕಾದ ವಿದ್ಯೆ. 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಹುಟ್ಟಿದ ರಂಗಾಯಣದ ಕಲಾವಿದರು ವಿದ್ಯಾರ್ಥಿಯ ಕರಡನ್ನು ಗಟ್ಟಿಯಾಗಿ ಓದಿದರೆ ಸುಳ್ಳು ಸಂಭಾಷಣೆ ಅಲ್ಲೇ ಸಿಕ್ಕಿಬೀಳುತ್ತದೆ. ವಿಶ್ವವಿದ್ಯಾಲಯದ ಮಲ್ಟಿಮೀಡಿಯಾ ಕೇಂದ್ರದಲ್ಲಿ ಚಿತ್ರೀಕರಣದ ಸೌಲಭ್ಯವಿದೆ. ಇವನ್ನು ಜೋಡಿಸಿ ಕನ್ನಡ ಮಾಧ್ಯಮದಲ್ಲಿ ಒಂದು ವರ್ಷದ ಕೋರ್ಸ್ ನಡೆಸಲು ಹೊಸ ಕಟ್ಟಡ ಬೇಕಿಲ್ಲ. ವಿದ್ಯಾರ್ಥಿವೇತನ ಬೇಕು, ಅನುಭವಿ ಬರಹಗಾರರು ಬೇಕು. ಒಪ್ಪಂದ ಓದುವುದನ್ನೂ ಕಲಿಸಬೇಕು. 2012ರ ಕೃತಿಸ್ವಾಮ್ಯ ತಿದ್ದುಪಡಿ, ಚಿತ್ರಮಂದಿರದಾಚೆಯ ಬಳಕೆಗೆ ಬರಹಗಾರರಿಗೆ ಬಿಟ್ಟುಕೊಡಲಾಗದ ರಾಯಧನದ ಹಕ್ಕು ಕೊಟ್ಟಿದೆ. ಸರ್ಕಾರದ್ದೇ ಒಟಿಟಿ ಬರುವುದಾದರೆ ಆ ಹಕ್ಕನ್ನು ಮೊದಲು ಪಾಲಿಸಬೇಕಾದದ್ದೂ ಅದೇ.

ಸ್ಟುಡಿಯೊ ಕಟ್ಟಿದರೆ ಬಾಡಿಗೆಗೆ ಎಲ್ಲ ಭಾಷೆಯವರೂ ಬರುತ್ತಾರೆ. ಅದರಿಂದ ಆದಾಯವೂ ಬರಲಿ. ಕನ್ನಡದ ಕಥೆ ಬರೆಯುವವರನ್ನು ಮಾತ್ರ ಹೊರಗಿನಿಂದ ತರಿಸಿಕೊಳ್ಳಲಾಗದು. ಹಿಮ್ಮಾವಿನಲ್ಲಿ ಕಟ್ಟಡ ಏಳುವುದಕ್ಕೆ ವರ್ಷಗಳು ಬೇಕು. ಬರವಣಿಗೆಯ ಮೊದಲ ತಂಡವನ್ನು ಈಗಲೇ ಕೂರಿಸಿದರೆ, ಬಾಗಿಲು ತೆರೆಯುವ ದಿನ ಚಿತ್ರೀಕರಣಕ್ಕೆ ಯೋಗ್ಯವಾದ ಹತ್ತಾರು ಚಿತ್ರಕಥೆಗಳು ನಮ್ಮ ಕೈಯಲ್ಲಿರುತ್ತವೆ.