ಗಂಟೆಗೋಪುರ ಗಳಿಸಿಕೊಟ್ಟ ಗುಡ್‌ವಿಲ್

ಬ್ಯಾಲೆನ್ಸ್ ಶೀಟಿನಲ್ಲಿ ‘ಗುಡ್‌ವಿಲ್’ ಎಂದು ನಮೂದಾಗುವ ಮೊತ್ತದ ಮೂಲವನ್ನು ಅರಿಯಬೇಕಾದರೆ ಅಮೆರಿಕದ ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್ (1872–1957) ಅವರ ವೃತ್ತಿಜೀವನವನ್ನು ಗಮನಿಸಬೇಕು. ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪ ಕಲಿತು ಬಂದ ಇವರು, 1904ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೃತ್ತಿ ಪರವಾನಗಿ ಪಡೆದ ಪ್ರಥಮ ಮಹಿಳಾ ವಾಸ್ತುಶಿಲ್ಪಿ. ಅದೇ ವರ್ಷ ಓಕ್‌ಲೆಂಡಿನ ಮಿಲ್ಸ್ ಕಾಲೇಜಿಗೆ 72 ಅಡಿ ಎತ್ತರದ ಗಂಟೆಗೋಪುರವನ್ನು ನಿರ್ಮಿಸಿಕೊಟ್ಟರು. ಅದು ಆರ್‌ಸಿಸಿ ಕಟ್ಟಡ. ಆ ವಿಧಾನ ಅಲ್ಲಿ ಇನ್ನೂ ಹೊಸತು. 1906ರ ಮಹಾಭೂಕಂಪದಲ್ಲಿ ಎಷ್ಟೋ ಕಟ್ಟಡಗಳು ಉರುಳಿದವು; ಗೋಪುರ ನಿಂತೇ ಇತ್ತು.

ಜಾಹೀರಾತು ಅವರಿಗೆ ಒಗ್ಗುತ್ತಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಭೂಕಂಪದ ಬೆಂಕಿಗೆ ಒಳಗೆಲ್ಲ ಸುಟ್ಟುಹೋಗಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಫೇರ್‌ಮಾಂಟ್ ಹೋಟೆಲಿನ ಪುನರ್ನಿರ್ಮಾಣ ಅವರ ಪಾಲಿಗೆ ಬಂತು. 1907ರಲ್ಲೇ ಹೋಟೆಲು ತೆರೆಯಿತು. ನಮ್ಮಲ್ಲಾದರೋ ಲಾಭ ಕುಗ್ಗಿದೊಡನೆ ಮೊದಲು ಕತ್ತರಿ ಬೀಳುವುದು ಸರಕಿನ ಗುಣಮಟ್ಟಕ್ಕೆ, ಜಾಹೀರಾತಿಗಲ್ಲ. ಇದು ಅಸಲನ್ನು ತಿಂದು ಬಡ್ಡಿ ಎಣಿಸುವ ಲೆಕ್ಕ.

ಮಾರ್ಗನ್ ಅವರು ವಿನ್ಯಾಸಗೊಳಿಸಿದ ಕಟ್ಟಡಗಳು 700ಕ್ಕೂ ಹೆಚ್ಚು. ಕಚೇರಿಯ ಲಾಭವನ್ನು ಸಹಾಯಕರೊಡನೆ ಹಂಚಿಕೊಳ್ಳುತ್ತಿದ್ದರೆಂಬುದೂ ಗಮನಾರ್ಹ. ಗ್ರಾಹಕರು ಅಂದೇ ಮನಗಂಡಿದ್ದನ್ನು ವೃತ್ತಿಬಾಂಧವರು ಒಪ್ಪಲು ಬಹಳ ತಡವಾಯಿತು: ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು ಅವರಿಗೆ ಚಿನ್ನದ ಪದಕ ನೀಡಿದ್ದು 2014ರಲ್ಲಿ, ಅವರು ನಿಧನರಾದ 57 ವರ್ಷಗಳ ತರುವಾಯ.