ಪದ್ಮಶ್ರೀ ಇಲ್ಲದ ಕಲಾವಿದರಿಗೆ ಅಮೆರಿಕ ವೀಸಾ ಸಿಗುವುದಿಲ್ಲವೇ?

ಕಲಾವಿದರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಆಸ್ಕರೋ ಪದ್ಮಶ್ರೀಯೋ ಇಲ್ಲದಿದ್ದರೆ ಅಮೆರಿಕದ ಕಲಾವಿದರ ವೀಸಾ ಕನಸಿನ ಮಾತು ಎನ್ನುವುದು ಒಂದು. ದುಡ್ಡು ಕೊಟ್ಟರೆ ಪ್ರಶಸ್ತಿಯೂ ವೀಸಾವೂ ಒಟ್ಟಿಗೇ ಬರುತ್ತವೆ ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಎರಡನೆಯದು ಬರೀ ಸುಳ್ಳಲ್ಲ, ಕಲಾವಿದರಿಗೆ ಕುತ್ತು ತರುವಂಥದ್ದು.

ಕಲಾವಿದರಿಗೆ 'ಅಸಾಧಾರಣ ಸಾಮರ್ಥ್ಯ'ದ ವೀಸಾ ಬಂದದ್ದು ಅಮೆರಿಕದ 1990ರ ವಲಸೆ ಕಾಯ್ದೆಯಿಂದ. ಆ ಹೆಸರಿನಲ್ಲಿ ಎರಡು ದಾರಿಗಳಿವೆ. ಫಾರ್ವರ್ಡ್‌ಗಳು ಇವನ್ನು ಕಲಸಿಬಿಡುತ್ತವೆ. ಓ-1 ತಾತ್ಕಾಲಿಕ ವೀಸಾ, ಮೊದಲಿಗೆ ಹೆಚ್ಚೆಂದರೆ 3 ವರ್ಷ. ಅದಕ್ಕೆ ಅಲ್ಲಿನ ಸಂಸ್ಥೆ ಅಥವಾ ಏಜೆಂಟ್ ಅರ್ಜಿ ಹಾಕಬೇಕು, ಕಲಾವಿದರು ತಾವೇ ಹಾಕುವಂತಿಲ್ಲ. ಇಬಿ-1ಎ ಎನ್ನುವುದು ಗ್ರೀನ್ ಕಾರ್ಡ್‌ನ ದಾರಿ. ಸ್ವತಃ ಅರ್ಜಿ ಹಾಕಬಹುದು, ಆದರೆ ತಮ್ಮ ಕ್ಷೇತ್ರದ ತುತ್ತತುದಿಗೇರಿದ ಕೆಲವೇ ಮಂದಿಯಲ್ಲಿ ಒಬ್ಬರೆಂದು ತೋರಿಸಬೇಕು.

ಓ-1ಕ್ಕೆ ದೊಡ್ಡ ಪ್ರಶಸ್ತಿ ಇಲ್ಲದವರಿಗೂ ಅವಕಾಶವಿದೆ. ಹೆಸರಾಂತ ಪ್ರದರ್ಶನದಲ್ಲಿ ಮುಖ್ಯ ಪಾತ್ರ, ಪತ್ರಿಕಾ ವಿಮರ್ಶೆ, ಹೆಸರಾಂತ ಸಂಸ್ಥೆಯಲ್ಲಿ ಪ್ರಮುಖ ಸ್ಥಾನ, ಗಳಿಕೆಯ ಅಥವಾ ವಿಮರ್ಶಕರು ಮೆಚ್ಚಿದ ಯಶಸ್ಸು, ಸರ್ಕಾರ ಇಲ್ಲವೇ ತಜ್ಞರ ಮನ್ನಣೆ, ಹೆಚ್ಚಿನ ಸಂಭಾವನೆ. ಈ 6ರಲ್ಲಿ ಕನಿಷ್ಠ 3ಕ್ಕೆ ಪುರಾವೆ ಬೇಕು. ಹಾಗಂತ 3 ಇದ್ದ ಮಾತ್ರಕ್ಕೆ ವೀಸಾ ಕೈಗೆ ಬಂತೆಂದಲ್ಲ. ಅಧಿಕಾರಿ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ.

ಈ ಅಳತೆಗೋಲನ್ನು ಸಿರುಗುಪ್ಪ, ಕುರುಗೋಡು ಕಡೆಯ ಬಯಲಾಟಕ್ಕೆ ಹಿಡಿದು ನೋಡಿ. ಹೆಚ್ಚಿನ ಸಂಭಾವನೆ ಎಲ್ಲಿಂದ ಬರಬೇಕು? ಇಲ್ಲಿ ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ ವೇಷ ಕಟ್ಟುವುದುಂಟು. ಇಡೀ ರಾತ್ರಿ ಆಡಿದರೂ ಮರುದಿನ ವಿಮರ್ಶೆ ಬರೆಯುವವರಿಲ್ಲ. ಸಿನಿಮಾ, ವೃತ್ತಿರಂಗಭೂಮಿಯ ಲೆಕ್ಕದಲ್ಲಿ ಮಾಡಿದ ಪಟ್ಟಿ ಇದು. ನಮ್ಮ ಕಲಾವಿದರಲ್ಲಿ ಕಲೆಗೆ ಕೊರತೆಯಿಲ್ಲ, ಕಾಗದಕ್ಕೆ ಕೊರತೆ.

ಫಾರ್ವರ್ಡ್‌ಗಳು ಬಾಯಿಬಿಡದ ಇನ್ನೊಂದು ಬಾಗಿಲಿದೆ: ಪಿ-3. ಒಂದು ಸಮುದಾಯದ ವಿಶಿಷ್ಟ ಸಂಸ್ಕೃತಿಯ ಕಲೆಯನ್ನು ಪ್ರದರ್ಶಿಸಲು, ಕಲಿಸಲು ಹೋಗುವವರಿಗೆ, ತಂಡಗಳಿಗೂ ಸೇರಿ, ಇರುವ ವೀಸಾ. ಇಲ್ಲಿ ಕೇಳುವುದು ನೀವೆಷ್ಟು ಪ್ರಸಿದ್ಧರು ಎಂದಲ್ಲ. ಕಲೆ ಅಸಲಿಯೇ, ಅದರಲ್ಲಿ ನಿಮಗೆ ಪರಿಣತಿ ಇದೆಯೇ ಎಂದು. ಬಲ್ಲವರ ಪತ್ರ, ಪತ್ರಿಕಾ ವರದಿಗಳು ಇದಕ್ಕೆ ಆಧಾರ. ಗಾಂಧೀಜಿಯ ಬದುಕನ್ನು ತೊಗಲುಗೊಂಬೆಯಲ್ಲಿ ಆಡಿಸಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರದು, 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರದು ಇಂಥ ಕಲೆಗಳೇ. ಪಕ್ಕದ ಕೊಪ್ಪಳದ ಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, 96ರ ವಯಸ್ಸಿನಲ್ಲಿ. ಪದ್ಮಶ್ರೀಯನ್ನೇ ಕಾಯುತ್ತಾ ಕೂತರೆ ಎಷ್ಟು ಕಾಯಬೇಕಾದೀತು ನೋಡಿ! ಆದರೆ ಪಿ-3 ಕೂಡ ತಾತ್ಕಾಲಿಕ, ಮೊದಲಿಗೆ ಹೆಚ್ಚೆಂದರೆ 1 ವರ್ಷ. ಅರ್ಜಿ ಹಾಕಬೇಕಾದವರು ಇಲ್ಲೂ ಅಲ್ಲಿನವರೇ.

ಇನ್ನು ಕೊಂಡ ಪ್ರಶಸ್ತಿಗಳ ಮಾತು. ಹೆಸರೇ ಕೇಳದ 'ವಿಶ್ವವಿದ್ಯಾಲಯ'ದ ಗೌರವ ಡಾಕ್ಟರೇಟ್ ಅರ್ಜಿಗೆ ಬಲ ಕೊಡುವುದಿಲ್ಲ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಅಮೆರಿಕ ಪ್ರವೇಶಕ್ಕೆ ಜೀವನಪರ್ಯಂತ ತಡೆ ಬೀಳಬಹುದು. ಮೇಳದವರಲ್ಲದವರ ಹೆಸರನ್ನು ತಂಡದ ಪಟ್ಟಿಗೆ ಸೇರಿಸಿ ಕಳಿಸುವ ದಂಧೆಗೆ ಪಂಜಾಬಿನ ಕಡೆ 'ಕಬೂತರ್‌ಬಾಜಿ' ಎಂಬ ಹೆಸರೇ ಇದೆ. ಪೊಲೀಸ್ ಕೇಸುಗಳಾಗಿವೆ. ಯಾರಾದರೂ ನಿಮ್ಮ ತಂಡಕ್ಕೆ ಇನ್ನಿಬ್ಬರನ್ನು ಸೇರಿಸಿಕೊಳ್ಳಿ, ಖರ್ಚು ನಮ್ಮದು ಎಂದರೆ ಅಲ್ಲಿಂದ ಎದ್ದು ಬನ್ನಿ.

ಸನ್ಮಾನದ ಶಾಲು, ಪೇಟ, ಹಾರಗಳು ಪುರಾವೆಯಾಗುವುದಿಲ್ಲ. ನಾಟಕದ ಕರಪತ್ರ ಆಗುತ್ತದೆ. ಅದರಲ್ಲಿ ಊರು, ತಾರೀಕು, ಪಾತ್ರ, ನಿಮ್ಮ ಹೆಸರು ಎಲ್ಲವೂ ಅಚ್ಚಾಗಿರುತ್ತದಲ್ಲ! ಪತ್ರಿಕೆಯ ತುಣುಕು ಕತ್ತರಿಸುವಾಗ ಮೇಲಿನ ಹೆಸರು, ದಿನಾಂಕ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅಕಾಡೆಮಿಯ ಪತ್ರ, ಆಕಾಶವಾಣಿಯ ಕರಾರು ಇದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ಮೂಲಪ್ರತಿಯನ್ನು ಗೆದ್ದಲು ಮುಟ್ಟದ ಕಡೆ ಇಡಿ. ಕನ್ನಡದ ಪ್ರತಿ ಕಾಗದಕ್ಕೂ, ಅನುವಾದಕರು ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅಲ್ಲಿನ ಕನ್ನಡ ಕೂಟವೊಂದು ಕರೆದರೆ, ಟಿಕೆಟ್ ವಿಚಾರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ನಮ್ಮ ಪರವಾಗಿ ಯಾವ ವೀಸಾಕ್ಕೆ, ಯಾರ ಹೆಸರಿನಲ್ಲಿ ಅರ್ಜಿ ಹಾಕುತ್ತೀರಿ?